ಯುಎಫ್‌ಸಿ 300: ಹೆಸರು ಬಿಡ್ರಿ, ಜೋಡಿ ನೋಡ್ರಿ

ದುಂಡಸಿಯಿಂದ ಮಾತಾಡ್ತಾ ಇದ್ದೀನಿ. ಇವತ್ತು 2024ರ ಏಪ್ರಿಲ್ 12, ಶುಕ್ರವಾರ. ಮಂಗಳವಾರ ಯುಗಾದಿ ಆಯ್ತು, ನಿನ್ನೆ ರಂಜಾನ್ ಆಯ್ತು. ಹೋಳಿಗಿನೂ ತಿಂದೆ, ದೋಸ್ತನ ಮನೆಯಾಗ ಸುರಕುಂಬಾನೂ ಕುಡಿದೆ. ನಾವು ಹಿಂಗ ಹೊಟ್ಟೆ ತುಂಬಿಸಿಕೊಂಡು ಕೂತಿರೋ ಹೊತ್ತಿನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ 26 ಜನ ನೀರು ಕೂಡ ಅಳೆದು ಕುಡೀತಾ ಇದ್ದಾರೆ. ಇವತ್ತು ರಾತ್ರಿ ನಮ್ಮ ಟೈಮ್ ಒಂಬತ್ತೂವರೆಗೆ ಅವರ ತೂಕ. ಭಾನುವಾರ ಬೆಳಗ್ಗೆ ಯುಎಫ್‌ಸಿ 300.

ಸೌಂಡ್ ಸರಿ ಬರಲಿ ಅಂತ ಫ್ಯಾನ್ ಬಂದ್ ಮಾಡಿದ್ದೀನಿ, ಹೊರಗೆ ಬಿಸಿಲು ಕಾದ ಹಂಚಿನಂಗ ಐತಿ. ನಡುನಡುವೆ ಉಸಿರು ಬಿಟ್ಟ ಸದ್ದು ಕೇಳಿದ್ರೆ ಬೇಜಾರ್ ಮಾಡ್ಕೋಬ್ಯಾಡ್ರಿ.

ಮೊದಲು ಟೈಮ್ ಹೇಳಿಬಿಡ್ತೀನಿ, ಮೆಸೇಜ್ ಹಾಕಿ ಕೇಳೋರೇ ಜಾಸ್ತಿ. ಭಾನುವಾರ ನಸುಕಿನ 3:30ಕ್ಕೆ ಮೊದಲ ಫೈಟ್‌ಗಳು, 5:30ಕ್ಕೆ ಪ್ರಿಲಿಮ್ಸ್, 7:30ಕ್ಕೆ ಮೇನ್ ಕಾರ್ಡ್. ಅವತ್ತು ಅಂಬೇಡ್ಕರ್ ಜಯಂತಿ. ಬೆಳಗ್ಗೆ ಕಾರ್ಯಕ್ರಮಕ್ಕೆ ಹೋಗೋರು ಕೊನೆಯ ಎರಡು ಫೈಟ್‌ನ ಹೊತ್ತನ್ನ ಲೆಕ್ಕ ಹಾಕಿಟ್ಟುಕೊಳ್ರಿ. ಎಲ್ಲಾ ಫೈಟು ಪೂರ್ತಿ ಸುತ್ತು ಹೋದ್ರೆ ಮೇನ್ ಇವೆಂಟ್ ಶುರು ಆಗೋದಕ್ಕೆ ಹತ್ತು ಗಂಟೆಯೂ ದಾಟಬಹುದು.

ಒಟ್ಟು 13 ಫೈಟ್. ಈಗಿನ ಮತ್ತು ಹಿಂದಿನ ಚಾಂಪಿಯನ್ನರನ್ನ ಎಣಿಸಿದ್ರೆ, ಗೇಚಿಯಂಥ ಮಧ್ಯಂತರ ಚಾಂಪಿಯನ್ನೂ ಸೇರಿಸಿ, 12 ಜನ ಸಿಗ್ತಾರೆ. ಬೇರೆ ದಿನ ಆಗಿದ್ರೆ ಒಂದೊಂದು ಕಾರ್ಡ್‌ಗೆ ಮೇನ್ ಇವೆಂಟ್ ಆಗೋ ಫೈಟು ಇಲ್ಲಿ ನಾವು ಹಲ್ಲುಜ್ಜೋ ಟೈಮ್‌ನಲ್ಲಿ ಬರ್ತವೆ. ಯೂಟ್ಯೂಬ್‌ನಲ್ಲಿ ಎಲ್ಲರೂ ಈ ಹೆಸರುಗಳನ್ನೇ ಹಿಡಿದು ಕುಣೀತಾ ಇದ್ದಾರೆ. ನಾನು ಈ ಸಲ ಬೇರೆ ಕಡೆಯಿಂದ ನೋಡ್ತೀನಿ. ನಮ್ಮ ಕಡೆ ಕುಸ್ತಿ ನೋಡೋ ಹಿರಿಯರು ಹೆಂಗ ನೋಡ್ತಾರೋ ಹಂಗ.

ಜಾತ್ರಿ ಕುಸ್ತಿ ಕಂಡವರಿಗೆ ಗೊತ್ತು. ಹ್ಯಾಂಡ್‌ಬಿಲ್‌ನಲ್ಲಿ ಒಂದನೇ ನಂಬರ್ ಕುಸ್ತಿ, ಎರಡನೇ ನಂಬರ್ ಕುಸ್ತಿ ಅಂತ ದೊಡ್ಡ ಪೈಲ್ವಾನರ ಹೆಸರು ಅಚ್ಚಾಗಿರ್ತದೆ. ಕೆಳಗಿನ ಸಣ್ಣ ಕುಸ್ತಿಗಳಿಗೆ ಹೆಸರೇ ಇರಲ್ಲ. ಹುಡುಗರು ಅಂಗಿ ಬಿಚ್ಚಿ ಕಣದ ಅಂಚಿಗೆ ಬಂದು ನಿಲ್ತಾರೆ. ಹಿರಿಯರು ಒಬ್ಬನ ಪಕ್ಕಕ್ಕೆ ಇನ್ನೊಬ್ಬನನ್ನ ನಿಲ್ಲಿಸಿ, ಭುಜ ಮುಟ್ಟಿ, ತೋಳು ಹಿಡಿದು, ವಯಸ್ಸು ಕೇಳಿ, ಎಲ್ಲಿಯ ತಾಲೀಮು ಅಂತ ವಿಚಾರಿಸ್ತಾರೆ. "ಜೋಡಿ ಕೂಡ್ತು" ಅಂದ ಮ್ಯಾಲೇನೇ ಹಲಗಿ ಬಡಿಯೋದು. ಕೂಡಲಿಲ್ಲ ಅಂದ್ರೆ ಹುಡುಗ ಎಷ್ಟೇ ತೊಡಿ ತಟ್ಟಿದ್ರೂ ಕಣಕ್ಕೆ ಬಿಡಲ್ಲ. ಮೈಸೂರು ದಸರಾದಲ್ಲಂತೂ ಜೋಡಿ ಕಟ್ಟೋದೇ ಬೇರೆ ಒಂದು ಕಾರ್ಯಕ್ರಮ, ಕುಸ್ತಿಗೂ ಎಷ್ಟೋ ದಿನ ಮೊದಲೇ ನಡೀತದೆ. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇರ್ತದಲ್ಲ, ಅಲ್ಲೂ ಹಂಗೇ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿಗಳನ್ನ ಮೊದಲೇ ಜೋಡಿ ಮಾಡಿರ್ತಾರೆ. ಕಾಳಗ ನಡೆಯೋದು ಕ್ಷಣಗಳಷ್ಟೇ, ತಲೆಯಿಂದ ರಕ್ತ ಕಂಡ ಕೂಡಲೇ ನಿಲ್ಲಿಸ್ತಾರೆ. ಕೈಯಲ್ಲಿ ಅಂಥ ಆಯುಧ ಇದ್ದಾಗ ಯಾರ ಎದುರು ಯಾರು ಅನ್ನೋದನ್ನ ಮೊದಲೇ ಯೋಚನೆ ಮಾಡ್ಲೇಬೇಕಲ್ಲ.

ಎಂಎಂಎ ಜಗತ್ತು ಇದನ್ನ ತಡವಾಗಿ ಕಲೀತು. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆದಾಗ ತೂಕದ ವರ್ಗವೇ ಇರಲಿಲ್ಲ. ತೆಳ್ಳಗಿನ ಹಾಯ್ಸ್ ಗ್ರೇಸಿ ತನಗಿಂತ ದಪ್ಪಗಿದ್ದವರನ್ನ ಕುತ್ತಿಗೆ ಹಿಡಿದು ಸೋಲಿಸಿ ಗೆದ್ದದ್ದು ದೊಡ್ಡ ಕಥೆ ಆಯ್ತು. ಆದ್ರೆ ಆ ಕಾಲದ ಎಲ್ಲಾ ಬೇಜೋಡಿಗಳೂ ಅಷ್ಟು ಚೆಂದ ಮುಗೀಲಿಲ್ಲ.

ಅದಕ್ಕೇ ಕಾರ್ಡ್‌ನಲ್ಲಿ ನನಗೆ ಸಿಟ್ಟು ತರಿಸೋ ಫೈಟ್‌ನಿಂದಲೇ ಶುರು ಮಾಡ್ತೀನಿ. ಮೇನ್ ಕಾರ್ಡ್ ತೆರೆಯೋದೇ ಇದು: ಬೋ ನಿಕಲ್ ಎದುರು ಕೋಡಿ ಬ್ರಂಡೇಜ್.

ಬೋ ನಿಕಲ್ ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಮೂರು ಸಲ ರಾಷ್ಟ್ರೀಯ ಚಾಂಪಿಯನ್, ಪೆನ್ ಸ್ಟೇಟ್ ಹುಡುಗ. ಎಂಎಂಎನಲ್ಲಿ ಐದಕ್ಕೆ ಐದು ಗೆಲುವು. ಬ್ರಂಡೇಜ್ ಗಟ್ಟಿ ಹುಡುಗನೇ, ಅವನೂ ಕುಸ್ತಿಯಿಂದಲೇ ಬಂದವನು, ಆದ್ರೆ ಗೆಲುವು ಸೋಲು ಎರಡೂ ಮೂಟೆ ಕಟ್ಟಿಕೊಂಡು ಬಂದವನು. ಈ ಫೈಟ್ ಯಾಕೆ ಇಲ್ಲಿದೆ ಅಂದ್ರೆ, ಕಂಪನಿಗೆ ನಿಕಲ್‌ನನ್ನ ಸ್ಟಾರ್ ಮಾಡಬೇಕು. ಕಾರ್ಡ್ ನೋಡೋ ಕಣ್ಣು ಜಾಸ್ತಿ ಇರೋ ದಿನ ಅವನನ್ನ ಮುಂದೆ ನಿಲ್ಲಿಸ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಜೋಡಿ ಕೂಡಿಲ್ಲ ಆದ್ರೂ ಹಲಗಿ ಬಡಿಸ್ಯಾರ. ನಿಕಲ್ ಮೊದಲ ಅಥವಾ ಎರಡನೇ ಸುತ್ತಿನಲ್ಲಿ ಕೆಡವಿ, ಕುತ್ತಿಗೆ ಹಿಡಿದು ಮುಗಿಸ್ತಾನೆ ಅಂತ ನನ್ನ ಅಂದಾಜು. ಇದಕ್ಕಿಂತ ನಸುಕಿನಲ್ಲಿರೋ ನಾಕು ಫೈಟ್ ಚಲೋ ಅದಾವ.

ಇದು ಬರೀ ಬೋರ್ ಹೊಡೆಯೋ ಪ್ರಶ್ನೆ ಆಗಿದ್ರೆ ನಾನು ಇಷ್ಟು ಹೇಳ್ತಿರಲಿಲ್ಲ. 2022ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ಒಂದು ಕಿಕ್‌ಬಾಕ್ಸಿಂಗ್ ಪಂದ್ಯ ನಡೀತು. ಮೈಸೂರಿನ ಒಬ್ಬ ಹುಡುಗ, ಇಪ್ಪತ್ತು ದಾಟಿದ ವಯಸ್ಸು, ಎದುರಾಳಿ ಹೊಡೆತಕ್ಕೆ ರಿಂಗ್‌ನಲ್ಲೇ ಬಿದ್ದ. ಆಸ್ಪತ್ರೆಯಲ್ಲಿ ಮೂರ್ನಾಕು ದಿನದಲ್ಲಿ ತೀರಿಕೊಂಡ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಮನೆಯವರು ದೂರು ಕೊಟ್ಟರು, ಪೊಲೀಸರು ಆಯೋಜಕರ ಮೇಲೆ ಕೇಸ್ ದಾಖಲು ಮಾಡಿದ್ರು. ಆ ವಿಡಿಯೊ ಆಗ ಎಲ್ಲರ ವಾಟ್ಸ್‌ಆ್ಯಪ್‌ನಲ್ಲೂ ಓಡಾಡ್ತು. ನಾನೂ ನೋಡಿದೆ, ಎರಡನೇ ಸಲ ನೋಡೋಕೆ ಆಗಲಿಲ್ಲ.

ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ಈ ಪಾಡ್‌ಕಾಸ್ಟ್ ಕೇಳೋರಲ್ಲಿ ಹುಬ್ಬಳ್ಳಿ, ದಾವಣಗೆರೆ ಜಿಮ್‌ಗಳಲ್ಲಿ ಎಂಎಂಎ ಕಲಿಯೋ ಹುಡುಗರು ಇದ್ದಾರೆ. ಮೆಸೇಜ್ ಹಾಕ್ತಾರೆ, "ಅಣ್ಣಾ, ಮೊದಲ ಫೈಟ್ ಸಿಕ್ತು" ಅಂತ. ಭಾಳ ಖುಷಿ ಆಗ್ತದೆ. ಆದ್ರೆ ಮೂರು ಪ್ರಶ್ನೆ ಕೇಳ್ರಿ ತಮ್ಮಂದಿರಾ: ಎದುರಿನವನು ಎಷ್ಟು ಫೈಟ್ ಆಡ್ಯಾನ, ಅವನ ತೂಕ ನಿನ್ನ ಮುಂದೆ ಅಳೀತಾರೋ, ಕೇಜ್ ಪಕ್ಕ ಡಾಕ್ಟ್ರು ಮತ್ತು ಹೊರಗೆ ಆಂಬುಲೆನ್ಸ್ ಇರ್ತದೋ. ವೇಗಸ್‌ನಲ್ಲಿ ನೆವಾಡಾ ರಾಜ್ಯದ ಆಯೋಗ ಇದನ್ನೆಲ್ಲ ನೋಡಿಕೊಳ್ತದೆ, ಅದಕ್ಕೇ ಅಲ್ಲಿ ಜೋಡಿ ಸ್ವಲ್ಪ ಏರುಪೇರಾದ್ರೂ ಹುಡುಗನ ಜೀವಕ್ಕೆ ಒಂದು ಬೇಲಿ ಇರ್ತದೆ. ಇಲ್ಲಿ ಬೇಲಿ ನೀವೇ ಹಾಕಿಕೊಳ್ಳಬೇಕು.

ಸರಿ, ತೂಕದ ಮಾತು ಬಂತು. ಹಂಗಿದ್ರೆ ಕೇಲಾ ಹ್ಯಾರಿಸನ್ ಎದುರು ಹಾಲಿ ಹೋಮ್‌ಗೆ ಬರೋಣ.

ಹ್ಯಾರಿಸನ್ ಜೂಡೋದಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದವಳು, 2012ರ ಲಂಡನ್, 2016ರ ರಿಯೊ, ಎರಡೂ 78 ಕೆ.ಜಿ. ವರ್ಗದಲ್ಲಿ. ಆಮೇಲೆ ಪಿಎಫ್‌ಎಲ್ ಅನ್ನೋ ಇನ್ನೊಂದು ಕಂಪನಿಯಲ್ಲಿ 155 ಪೌಂಡ್, ಅಂದ್ರೆ 70 ಕೆ.ಜಿ. ವರ್ಗದಲ್ಲಿ ಎರಡು ಸಲ ಚಾಂಪಿಯನ್ ಆದ್ಲು. ಯುಎಫ್‌ಸಿಯಲ್ಲಿ ಹೆಣ್ಣುಮಕ್ಕಳಿಗೆ ಆ ವರ್ಗವೇ ಇಲ್ಲ. ಅದಕ್ಕೆ ಈಗ 135 ಪೌಂಡ್‌ಗೆ ಇಳೀತಾ ಇದ್ದಾಳೆ. ಟೈಟಲ್ ಫೈಟ್ ಅಲ್ಲದ್ದಕ್ಕೆ ಒಂದು ಪೌಂಡ್ ರಿಯಾಯಿತಿ ಐತಿ, ಅಂದ್ರೂ ಇವತ್ತು ರಾತ್ರಿ ತಕ್ಕಡಿ 61.7 ಕೆ.ಜಿ. ದಾಟಂಗಿಲ್ಲ. ತನ್ನ ಬದುಕಿನಲ್ಲಿ ಈ ತೂಕಕ್ಕೆ ಅವಳು ಒಂದು ಸಲವೂ ಫೈಟ್ ಮಾಡಿಲ್ಲ.

ತೂಕ ಇಳಿಸೋದು ಅಂದ್ರೆ ಬೊಜ್ಜು ಕರಗಿಸೋದು ಅಂತ ಅಂದ್ಕೋಬ್ಯಾಡ್ರಿ. ಬೊಜ್ಜೆಲ್ಲ ವಾರಗಳ ಹಿಂದೇನೇ ಹೋಗಿರ್ತದೆ. ಕೊನೆಯ ಎರಡು ದಿನದಲ್ಲಿ ಇಳಿಸೋದು ಮೈಯೊಳಗಿನ ನೀರು. ಉಪ್ಪು ಬಿಟ್ಟು, ನೀರು ಬಿಟ್ಟು, ಬಿಸಿನೀರಿನ ಟಬ್‌ನಲ್ಲಿ ಮಲಗಿ, ಬೆವರು ಹರಿಸಿ, ತಕ್ಕಡಿ ಮೇಲೆ ನಿಂತು ಇಳಿದ ಕೂಡಲೇ ಮತ್ತೆ ನೀರು ತುಂಬಿಸಿಕೊಳ್ತಾರೆ. ಫೈಟ್‌ಗೆ ಉಳಿಯೋದು ಒಂದೂವರೆ ದಿನ. ಮಿದುಳಿನ ಸುತ್ತ ಇರೋ ನೀರು ಅಷ್ಟರೊಳಗೆ ಸರಿಯಾಗಿ ತುಂಬದಿದ್ರೆ ಅದೇ ಏಟು ಜಾಸ್ತಿ ಪೆಟ್ಟು ಮಾಡ್ತದೆ ಅಂತ ಡಾಕ್ಟ್ರುಗಳು ಎಚ್ಚರಿಸ್ತಾರೆ. ಹಾಗಾಗಿ ಈ ಫೈಟ್‌ನ ಅರ್ಧ ಇವತ್ತು ರಾತ್ರಿನೇ ನಡೆದುಹೋಗ್ತದೆ. ತಕ್ಕಡಿ ಮ್ಯಾಲೆ ಅವಳ ಮುಖ ನೋಡ್ರಿ, ಕೆನ್ನೆ ಎಷ್ಟು ಒಳಗೆ ಹೋಗ್ಯಾವ ನೋಡ್ರಿ.

ಹಾಲಿ ಹೋಮ್‌ಗೆ 42 ವರ್ಷ. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ರೊಂಡಾ ರೌಸಿಯನ್ನ ಒದ್ದು ಕೆಡವಿದವಳು ಇವಳೇ. ರೌಸಿ ಕೂಡ ಜೂಡೋ ಒಲಿಂಪಿಕ್ ಪದಕದ ಹುಡುಗಿ. ಕಥೆ ಬರೆಯೋರಿಗೆ ಇದು ಹಬ್ಬದೂಟ: ಒಬ್ಬ ಜೂಡೋ ಹುಡುಗಿಯನ್ನ ಸೋಲಿಸಿದವಳು ಇನ್ನೊಬ್ಬಳನ್ನ ಸೋಲಿಸ್ತಾಳಾ ಅಂತ. ನಂಗೆ ಹಂಗ ಅನ್ನಿಸಲ್ಲ. ರೌಸಿ ಬೆನ್ನತ್ತಿ ಓಡಿ ಬಂದು ಹೊಡೆತ ತಿಂದ್ಲು. ಹ್ಯಾರಿಸನ್ ಹಿಡಿಯೋಕೆ ಅವಸರ ಮಾಡಲ್ಲ. ತೂಕ ಅವಳ ಶಕ್ತಿ ಹೀರದೇ ಇದ್ರೆ ಹ್ಯಾರಿಸನ್, ಎರಡನೇ ಸುತ್ತಿನೊಳಗೆ.

ನಸುಕಿನ ಫೈಟ್‌ಗಳನ್ನ ಬೇಗ ಬೇಗ ಹೇಳ್ತೀನಿ. ಜಿಮ್ ಮಿಲ್ಲರ್ ಎದುರು ಬಾಬಿ ಗ್ರೀನ್‌ಗೆ ಅಲಾರಂ ಇಡಲೇಬೇಕು. 40 ವರ್ಷದ ಮಿಲ್ಲರ್ 2009ರಲ್ಲಿ ಯುಎಫ್‌ಸಿ 100ರಲ್ಲಿ ಆಡಿ ಗೆದ್ದ, 2016ರಲ್ಲಿ ಯುಎಫ್‌ಸಿ 200ರಲ್ಲಿ ಆಡಿ ಗೆದ್ದ, ಈಗ 300ರಲ್ಲೂ ಇದ್ದಾನೆ. ಮೂರರಲ್ಲೂ ಇರೋನು ಅವನೊಬ್ಬನೇ. ಬುದ್ಧಿ ಗ್ರೀನ್ ಅಂತದೆ, ಮನಸ್ಸು ಮಿಲ್ಲರ್ ಅಂತದೆ. ಫಿಗೆರೆಡೊ ಎದುರು ಗಾರ್‌ಬ್ರಾಂಟ್, ಇಬ್ಬರೂ ಮಾಜಿ ಚಾಂಪಿಯನ್, ಯಾರ ಗದ್ದ ಗಟ್ಟಿ ಅನ್ನೋದಷ್ಟೇ ಪ್ರಶ್ನೆ, ಫಿಗೆರೆಡೊ. ಜೆಸಿಕಾ ಆಂಡ್ರಾಜ್ ಎದುರು ಮರೀನಾ ರೊಡ್ರಿಗಸ್, ಸಮಜೋಡಿ. ಡಿಯಾಗೊ ಲೋಪಸ್ ಎದುರು ಸೋಡಿಕ್ ಯೂಸುಫ್, ಹೊಡೆದಾಟ ಪ್ರಿಯರಿಗೆ. ಟರ್ನರ್ ಎದುರು ಮೊಯ್ಕಾನೊ ಗೆದ್ರೆ ಮೈಕ್ ಹಿಡಿದು ಏನು ಮಾತಾಡ್ತಾನೆ ಅನ್ನೋದೇ ಬೇರೆ ಮನರಂಜನೆ. ಆಲ್ಜಮೇನ್ ಸ್ಟರ್ಲಿಂಗ್ 135 ಪೌಂಡ್ ಬಿಟ್ಟು 145ಕ್ಕೆ ಬಂದು ಕ್ಯಾಲ್ವಿನ್ ಕೇಟರ್‌ನನ್ನ ಎದುರಿಸ್ತಾನೆ. ಬೆನ್ನು ಹಿಡಿಯೋದು ಅವನ ಕೆಲಸ, ಹಿಡೀತಾನೆ. ಯಿರಿ ಪ್ರೊಹಾಸ್ಕಾ ಎದುರು ಅಲೆಕ್ಸಾಂಡರ್ ರಾಕಿಚ್ ಬಗ್ಗೆ ಆಮೇಲೆ ಹೇಳ್ತೀನಿ, ಅದು ಮೇನ್ ಇವೆಂಟ್‌ಗೆ ಸೇರಿದ ಕಥೆ.

ಮೇನ್ ಕಾರ್ಡ್‌ನ ಎರಡನೇ ಫೈಟು, ಚಾರ್ಲ್ಸ್ ಒಲಿವೇರಾ ಎದುರು ಅರ್ಮಾನ್ ಸರುಕ್ಯಾನ್. ಕುಸ್ತಿ ನೋಡಿ ಬೆಳೆದವರಿಗೆ ಇಲ್ಲಿ ಒಂದು ಮಾತು. ನಮ್ಮ ಕಣದಲ್ಲಿ ಬೆನ್ನು ಮಣ್ಣಿಗೆ ಹತ್ತಿದ್ರೆ ಚಿತ್, ಆಟ ಮುಗೀತು. ಒಲಿವೇರಾ ಆಟ ಬೆನ್ನು ನೆಲಕ್ಕೆ ಹತ್ತಿದ ಮ್ಯಾಲೆ ಶುರು ಆಗ್ತದೆ. ಕೆಳಗೆ ಮಲಗಿದವನು ಕಾಲಿನಿಂದ ಕುತ್ತಿಗೆ ಸುತ್ತಿ, ಕೈ ಮುರಿಯೋ ಹಂಗೆ ತಿರುವಿ, ಮೇಲಿರೋನನ್ನ ಸೋಲಿಸ್ತಾನೆ. ಎದುರಾಳಿಯಿಂದ ಸೋಲು ಒಪ್ಪಿಸಿದ್ದರಲ್ಲಿ ಯುಎಫ್‌ಸಿ ದಾಖಲೆ ಇವನದೇ, 16 ಸಲ. ಬ್ರೆಜಿಲ್‌ನ ಕೊಳೆಗೇರಿಯ ಹುಡುಗ, ಚಿಕ್ಕವನಿದ್ದಾಗ ಕಾಯಿಲೆ ಬಿದ್ದು ಆಟ ಆಡಬ್ಯಾಡ ಅನ್ನಿಸಿಕೊಂಡವನು. 2022ರ ಮೇನಲ್ಲಿ ಇದೇ ತಕ್ಕಡಿ ಅವನ ಬೆಲ್ಟ್ ಕಿತ್ತುಕೊಂಡ್ತು. ಅರ್ಧ ಪೌಂಡ್ ಜಾಸ್ತಿ, ನಮ್ಮ ಲೆಕ್ಕದಲ್ಲಿ ಕಾಲು ಕಿಲೋಗಿಂತ ಕಮ್ಮಿ, ಅಷ್ಟಕ್ಕೇ ಚಾಂಪಿಯನ್ ಪಟ್ಟ ಹೋಯ್ತು. ಮರುದಿನ ಫೈಟ್ ಗೆದ್ದ, ಬೆಲ್ಟ್ ಮಾತ್ರ ಇಲ್ಲ.

ಸರುಕ್ಯಾನ್ ಅರ್ಮೇನಿಯಾ ಮೂಲದ ಕುಸ್ತಿ ಹುಡುಗ, 27 ವರ್ಷ. 2019ರಲ್ಲಿ ಯುಎಫ್‌ಸಿಯಲ್ಲಿ ಕಾಲಿಟ್ಟ ಮೊದಲ ದಿನವೇ ಇಸ್ಲಾಂ ಮಖಚೇವ್ ಎದುರು ನಿಂತು ಮೂರೂ ಸುತ್ತು ಕೊಟ್ಟವನು. ಮಖಚೇವ್ ಈಗ ಚಾಂಪಿಯನ್. ಗೆದ್ದವರಿಗೆ ಅವನ ಎದುರು ಟೈಟಲ್ ಫೈಟ್ ಸಿಗಬಹುದು. ಒಬ್ಬ ಮೇಲಿದ್ದು ಒತ್ತುವವನು, ಇನ್ನೊಬ್ಬ ಕೆಳಗಿದ್ದು ಹಿಡಿಯುವವನು, ವಯಸ್ಸಿನಲ್ಲಿ ಏಳು ವರ್ಷ ಅಂತರ. ಕಾರ್ಡ್‌ನಲ್ಲಿ ತಾಂತ್ರಿಕವಾಗಿ ನಂಬರ್ ಒನ್ ಜೋಡಿ ಇದು. ಸರುಕ್ಯಾನ್, ಪಾಯಿಂಟ್ ಮೇಲೆ, ಕೂದಲೆಳೆಯಲ್ಲಿ.

ಈಗ ಹೃದಯ ಬಾಯಿಗೆ ಬರೋ ಫೈಟು: ಜಸ್ಟಿನ್ ಗೇಚಿ ಎದುರು ಮ್ಯಾಕ್ಸ್ ಹಾಲೋವೇ. ಬೆಲ್ಟ್ ಹೆಸರು ಬಿಎಂಎಫ್. ಬಿಡಿಸಿ ಹೇಳೋಕೆ ಬರಲ್ಲ, ಅದು ಬೈಗುಳ, ಪಕ್ಕದ ಕೋಣೆಯಲ್ಲಿ ನಮ್ಮ ಅವ್ವ ಇದ್ದಾಳೆ. 'ಇಲ್ಲಿ ಎಲ್ಲರಿಗಿಂತ ಖಡಕ್ ಯಾರು' ಅನ್ನೋದಕ್ಕೆ ಕೊಡೋ ಬೆಲ್ಟ್ ಅಂತ ತಿಳ್ಕೊಳ್ರಿ.

ಗೇಚಿ ಅರಿಜೋನಾದ ಗಣಿ ಊರಿನವನು, ಅಪ್ಪ ತಾಮ್ರದ ಗಣಿಯಲ್ಲಿ ದುಡಿದವರು. ಕಾಲೇಜಿನಲ್ಲಿ ಒಳ್ಳೆ ಪೈಲ್ವಾನ. ಆದ್ರೆ ಕೇಜ್‌ನಲ್ಲಿ ಕುಸ್ತಿ ಆಡೋದೇ ಇಲ್ಲ! ಕೆಡವಬಲ್ಲ, ಕೆಡವಲ್ಲ. ನಿಂತು ಹೊಡೀತಾನೆ, ಎದುರಿನವನ ಮೀನಖಂಡಕ್ಕೆ ಒದ್ದು ಒದ್ದು ಕಾಲೇ ಇಲ್ಲದಂಗೆ ಮಾಡ್ತಾನೆ. ಕಲಿತ ಕುಸ್ತಿ ಎಲ್ಲಿ ಉಪಯೋಗಕ್ಕೆ ಬರ್ತದೆ ಅಂದ್ರೆ, ಬೇರೆಯವರು ಅವನನ್ನ ಕೆಡವೋಕೆ ಬಂದಾಗ. ಕಳೆದ ಜುಲೈನಲ್ಲಿ ಪೊರಿಯೇನನ್ನ ತಲೆಗೆ ಒದ್ದು ಮಲಗಿಸಿ ಈ ಬೆಲ್ಟ್ ತಗೊಂಡ. ಮಖಚೇವ್ ಎದುರಿನ ಟೈಟಲ್ ಫೈಟ್‌ಗೆ ಕಾಯ್ತಾ ಮನೆಯಲ್ಲಿ ಕೂರಬಹುದಿತ್ತು. ಸೋತ್ರೆ ಆ ಸಾಲಿನಿಂದಲೇ ಹೊರಗೆ. ಆದ್ರೂ ಒಪ್ಪಿಕೊಂಡ.

ಹಾಲೋವೇ ಹವಾಯಿಯವನು, 145 ಪೌಂಡ್‌ನ ಮಾಜಿ ಚಾಂಪಿಯನ್. ಇಲ್ಲಿ ಹತ್ತು ಪೌಂಡ್ ಮೇಲೆ ಬಂದು ಆಡ್ತಾನೆ. ಹಿಂದೆ 2019ರಲ್ಲಿ ಈ ತೂಕಕ್ಕೆ ಬಂದು ಪೊರಿಯೇ ಎದುರು ಸೋತಿದ್ದ. ಇವನದು ಒಂದೇಟಿನ ಆಟ ಅಲ್ಲ, ಎಣಿಕೆಯ ಆಟ. 2021ರ ಜನವರಿಯಲ್ಲಿ ಕ್ಯಾಲ್ವಿನ್ ಕೇಟರ್‌ಗೆ 25 ನಿಮಿಷದಲ್ಲಿ 445 ಬಲವಾದ ಏಟು ಕೊಟ್ಟ, ಈ ಕಾರ್ಡ್‌ನಲ್ಲಿರೋ ಅದೇ ಕೇಟರ್‌ಗೆ. ನಡುವೆ ಕಾಮೆಂಟ್ರಿ ಹೇಳೋರ ಕಡೆ ತಿರುಗಿ ಮಾತಾಡ್ತಾನೇ ಗುದ್ದು ತಪ್ಪಿಸಿಕೊಂಡ. ಇದುವರೆಗೂ ಅವನನ್ನ ಯಾರೂ ನಾಕೌಟ್ ಮಾಡಿಲ್ಲ.

ಹಿರಿಯರು ಈ ಜೋಡಿ ನೋಡಿದ್ರೆ ಏನಂತಿದ್ರು? ತೂಕದಲ್ಲಿ ಗೇಚಿ ಭಾರ, ದಮ್ಮಿನಲ್ಲಿ ಹಾಲೋವೇ ಭಾರ, ಒಟ್ಟು ಕೂಡ್ತದೆ ಅಂತಿದ್ರು. ಐದು ಸುತ್ತು ಅನ್ನೋದು ಹಾಲೋವೇಗೆ ಲಾಭ. ಮೊದಲ ಎರಡು ಸುತ್ತಿನಲ್ಲಿ ಅವನ ಮುಂಗಾಲು ಉಳಿದ್ರೆ ಮುಂದೆ ಅವನದೇ ರಾಜ್ಯ. ನಾನು ಕೂದಲೆಳೆಯಲ್ಲಿ ಗೇಚಿ ಅಂತೀನಿ, ಆ ಒದೆತದ ಕಾರಣಕ್ಕೆ. ಕಾಮೆಂಟ್‌ನಲ್ಲಿ ಬೈಯೋರು ಬೈರಿ.

ಇವತ್ತು ಬೆಳಗ್ಗೆ ನಮ್ಮ ಟೈಮ್‌ನಲ್ಲಿ ಪತ್ರಿಕಾಗೋಷ್ಠಿ ನಡೀತಲ್ಲ, ಅದರಲ್ಲಿ ಇದೇ ಹಾಲೋವೇ ಎಲ್ಲರ ಮುಂದೆ ಬೋನಸ್ ಹೆಚ್ಚು ಮಾಡ್ರಿ ಅಂತ ಕೇಳಿದ. ಯುಎಫ್‌ಸಿ ಮುಖ್ಯಸ್ಥ ಡಾನಾ ವೈಟ್ ಅಲ್ಲೇ 3 ಲಕ್ಷ ಡಾಲರ್ ಅಂದುಬಿಟ್ಟ. ಸಾಮಾನ್ಯವಾಗಿ 50 ಸಾವಿರ ಡಾಲರ್, ಅಂದ್ರೆ 41-42 ಲಕ್ಷ ರೂಪಾಯಿ. ಈಗ ಎರಡೂವರೆ ಕೋಟಿ. ಜನ ಚಪ್ಪಾಳೆ ಹೊಡೆದ್ರು. ನಾನು ಬಿಕಾಂ ಓದಿದವನು, ಚಪ್ಪಾಳೆಗಿಂತ ಮೊದಲು ಖಾತೆ ಪುಸ್ತಕ ತೆಗೀತೀನಿ.

ಈ ಫೈಟರ್‌ಗಳಿಗೆ ತಿಂಗಳ ಸಂಬಳ ಇಲ್ಲ. ಬಂದು ಆಡಿದ್ದಕ್ಕೆ ಇಷ್ಟು, ಗೆದ್ರೆ ಇನ್ನೊಂದಿಷ್ಟು ಅಂತ ಹೆಚ್ಚಿನವರ ಕರಾರು. ಸೋತ್ರೆ ಅರ್ಧ ದುಡ್ಡು ಹೋಯ್ತು. ಅದರಲ್ಲೇ ಕೋಚ್, ಮ್ಯಾನೇಜರ್, ತಾಲೀಮು, ಊಟ ಎಲ್ಲಾ. ನಮ್ಮ ಪೈಲ್ವಾನರ ಖುರಾಕಿನ ಕಥೆನೇ: ಹಾಲು, ತುಪ್ಪ, ಬದಾಮಿಗೆ ಮನೆಯವರು ವರ್ಷವಿಡೀ ಸುರಿದು, ಜಾತ್ರಿ ಕಣದಲ್ಲಿ ಸಿಕ್ಕ ಬಕ್ಷೀಸಿನಲ್ಲಿ ತೂಗಿಸೋದು. ಕಂಪನಿಯ ಆದಾಯ ವರ್ಷಕ್ಕೆ ನೂರು ಕೋಟಿ ಡಾಲರ್ ದಾಟಿದೆ. ಫೈಟರ್‌ಗಳು 2014ರಲ್ಲಿ ಹಾಕಿದ ಕೇಸ್‌ನ ದಾಖಲೆಗಳ ಪ್ರಕಾರ ಅವರಿಗೆ ಹೋಗ್ತಿದ್ದದ್ದು ಆದಾಯದಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಟಗಾರರಿಗೆ ಹತ್ತಿರ ಹತ್ತಿರ ಅರ್ಧ ಹೋಗ್ತದೆ. ಕಳೆದ ತಿಂಗಳಷ್ಟೇ ಕಂಪನಿ ಆ ಕೇಸು, ಅದರ ಜೊತೆಗಿನ ಇನ್ನೊಂದು ಕೇಸು, ಎರಡನ್ನೂ 33.5 ಕೋಟಿ ಡಾಲರ್ ಕೊಟ್ಟು ಮುಗಿಸ್ತೀನಿ ಅಂತ ಒಪ್ಪಿದೆ, ನಮ್ಮ ರೂಪಾಯಿಯಲ್ಲಿ ಸುಮಾರು 2,800 ಕೋಟಿ. ಕೋರ್ಟ್ ಒಪ್ಪಿಗೆ ಇನ್ನೂ ಬಾಕಿ. ಅದಕ್ಕೇ ಭಾನುವಾರ ಯಾವನಾದ್ರೂ ಬೋನಸ್ ಗೆದ್ದು ಕಣ್ಣೀರು ಹಾಕಿದ್ರೆ ನಾಟಕ ಅನ್ನಬ್ಯಾಡ್ರಿ. ಕೆಳಗಿನ ಫೈಟ್‌ನ ಹುಡುಗನಿಗೆ ಅದು ಮನೆ ಸಾಲ ತೀರೋ ದುಡ್ಡು.

ದುಡ್ಡಿನ ಮಾತು ಬಂದಾಗ ಇನ್ನೊಂದು. ಐಪಿಎಲ್ ಸೀಸನ್ ಬೇರೆ. "ಅಣ್ಣಾ, ಪಕ್ಕಾ ಗೆಲ್ಲೋರು ಯಾರು, ಆ್ಯಪ್‌ನಲ್ಲಿ ಹಾಕ್ತೀನಿ" ಅಂತ ದಿನಾ ಐದಾರು ಮೆಸೇಜ್ ಬರ್ತವೆ. ನನ್ನ ಅಂದಾಜು ಕಟ್ಟೆ ಮ್ಯಾಲೆ ಕೂತು ಮಾತಾಡೋ ಅಂದಾಜು. ಅದಕ್ಕೆ ಈ ಬರಗಾಲದಲ್ಲಿ ಅಪ್ಪನ ದುಡ್ಡು ಹಾಕೋರು ನನಗೆ ಮೆಸೇಜ್ ಮಾಡಬ್ಯಾಡ್ರಿ, ಉತ್ತರ ಕೊಡಲ್ಲ.

ಝಾಂಗ್ ವೇಯ್‌ಲಿ ಎದುರು ಯಾನ್ ಶಿಯಾವ್‌ನಾನ್. 115 ಪೌಂಡ್ ಟೈಟಲ್, 52 ಕೆ.ಜಿ. ಇಬ್ಬರೂ ಚೀನಾದವರು, ಇಬ್ಬರಿಗೂ 34. ಯುಎಫ್‌ಸಿ ಟೈಟಲ್‌ಗೆ ಇಬ್ಬರು ಚೀನೀಯರು ಎದುರುಬದುರಾಗ್ತಿರೋದು ಇದೇ ಮೊದಲು. ಝಾಂಗ್ ಒಂದು ಕಾಲಕ್ಕೆ ಬೀಜಿಂಗ್‌ನ ಜಿಮ್‌ನಲ್ಲಿ ರಿಸೆಪ್ಷನ್ ಕೌಂಟರ್‌ನಲ್ಲಿ ಕೂತಿದ್ದವಳು. 2019ರ ಆಗಸ್ಟ್ 31ರಂದು ಶೆನ್ಜೆನ್‌ನಲ್ಲಿ ಜೆಸಿಕಾ ಆಂಡ್ರಾಜ್‌ಳನ್ನ 42 ಸೆಕೆಂಡ್‌ನಲ್ಲಿ ಮುಗಿಸಿ ಚೀನಾದ ಮೊದಲ ಯುಎಫ್‌ಸಿ ಚಾಂಪಿಯನ್ ಆದ್ಲು. ಯಾನ್ ಕೂಡ ಕಳೆದ ವರ್ಷ ಅದೇ ಆಂಡ್ರಾಜ್‌ಳನ್ನ ಮೊದಲ ಸುತ್ತಿನಲ್ಲೇ ಮಲಗಿಸಿದ್ಲು. ಪಾಪ ಆಂಡ್ರಾಜ್, ಅವಳೂ ಇದೇ ಕಾರ್ಡ್‌ನಲ್ಲಿ ಇದ್ದಾಳೆ.

ಯಾನ್‌ಳದು ಚೀನಾದ ಸಾಂಡಾ, ಗುದ್ದು ಮತ್ತು ಒದೆತ. ಝಾಂಗ್ ಈಗ ಕುಸ್ತಿಯಲ್ಲೂ ಗಟ್ಟಿ. ಕೆಡವಿ ಮೇಲೆ ಕೂತ್ರೆ ಯಾನ್ ಹೊರಗೆ ಬರೋದು ಕಷ್ಟ. ಝಾಂಗ್. ಫಲಿತಾಂಶಕ್ಕಿಂತ ನನಗೆ ಹೊಟ್ಟೆಕಿಚ್ಚು ಆಗೋದು ಬೇರೆ ವಿಷಯಕ್ಕೆ. 1959ರಲ್ಲಿ ಹಿಂದ್ ಕೇಸರಿ ಗೆದ್ದ ಶ್ರೀಪತಿ ಖಂಚನಾಳೆ ನಮ್ಮ ಬೆಳಗಾವಿ ಜಿಲ್ಲೆಯ ಎಕ್ಸಂಬಾದವರು. ಅಂಥ ಮಣ್ಣು ನಮ್ಮದು. ಈ 26 ಜನರಲ್ಲಿ ಭಾರತದವರು ಒಬ್ಬರೂ ಇಲ್ಲ.

ಇನ್ನು ಮೇನ್ ಇವೆಂಟ್. 205 ಪೌಂಡ್, 93 ಕೆ.ಜಿ. ಅಲೆಕ್ಸ್ ಪೆರೇರಾ ಎದುರು ಜಮಹಾಲ್ ಹಿಲ್.

ಈ ಬೆಲ್ಟ್‌ಗೆ ಏನೋ ದೃಷ್ಟಿ ಆಗ್ಯಾದ. 2022ರ ಜೂನ್‌ನಲ್ಲಿ ಯಿರಿ ಪ್ರೊಹಾಸ್ಕಾ ಬ್ರೆಜಿಲ್‌ನ ಗ್ಲೋವರ್ ಟಿಶೇರಾನನ್ನ ಸೋಲಿಸಿ ಚಾಂಪಿಯನ್ ಆದ. ಭುಜದ ಗಾಯಕ್ಕೆ ಬೆಲ್ಟ್ ಬಿಟ್ಟುಕೊಟ್ಟ. 2023ರ ಜನವರಿಯಲ್ಲಿ ಖಾಲಿ ಬೆಲ್ಟ್‌ಗೆ ಹಿಲ್ ಮತ್ತು ಟಿಶೇರಾ ಆಡಿದ್ರು, ಹಿಲ್ ಗೆದ್ದ. ಆರು ತಿಂಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ತಾ ಹಿಮ್ಮಡಿ ಮೇಲಿನ ಅಕಿಲಿಸ್ ನರ ಹರೀತು, ಅವನೂ ಬಿಟ್ಟುಕೊಟ್ಟ. ನವೆಂಬರ್‌ನಲ್ಲಿ ಪೆರೇರಾ ವಾಪಸ್ ಬಂದ ಪ್ರೊಹಾಸ್ಕಾನನ್ನ ಸೋಲಿಸಿ ತಗೊಂಡ. ಹಂಗಾಗಿ ಹಿಲ್ ಈ ಬೆಲ್ಟನ್ನ ಕೇಜ್‌ನಲ್ಲಿ ಯಾರಿಗೂ ಸೋತಿಲ್ಲ. "ನನ್ನದನ್ನ ವಾಪಸ್ ತಗೊಳ್ಳೋಕೆ ಬಂದೀನಿ" ಅನ್ನೋ ಅವನ ಧಾಟಿಯಲ್ಲಿ ಸುಳ್ಳಿಲ್ಲ.

ಆದ್ರೆ ಆ ಟಿಶೇರಾ ಯಾರು? ಪೆರೇರಾನ ಗುರು. ಕಿಕ್‌ಬಾಕ್ಸಿಂಗ್‌ನಿಂದ ಬಂದವನಿಗೆ ನೆಲದ ಮೇಲಿನ ಆಟ ಕಲಿಸಿದವನು, ನಮ್ಮ ಮಾತಿನಲ್ಲಿ ವಸ್ತಾದ. ರಿಯೊದಲ್ಲಿ, ತನ್ನ ದೇಶದ ಜನರ ಮುಂದೆ, 43ನೇ ವಯಸ್ಸಿನಲ್ಲಿ ಟಿಶೇರಾ 25 ನಿಮಿಷ ಹಿಲ್ ಕೈಯಲ್ಲಿ ಏಟು ತಿಂದ. ಮೂವರೂ ತೀರ್ಪುಗಾರರು 50-44 ಕೊಟ್ಟರು. ಮುಖ ತುಂಬಾ ರಕ್ತ. ಗ್ಲೌಸ್ ಬಿಚ್ಚಿ ಕೇಜ್‌ನಲ್ಲಿಟ್ಟು ನಿವೃತ್ತಿ ಹೇಳಿದ. ಭಾನುವಾರ ಅದೇ ಟಿಶೇರಾ ಪೆರೇರಾ ಮೂಲೆಯಲ್ಲಿ ನಿಲ್ತಾನೆ. ಗುರುವಿನ ಕೊನೆಯ ಕುಸ್ತಿ ಕೆಡಿಸಿದವನ ಎದುರು ಶಿಷ್ಯ ಇಳೀತಾನೆ. ಇದಕ್ಕೆ ಪ್ರೋಮೊ ವಿಡಿಯೊ ಯಾಕೆ ಬೇಕು?

ಪೆರೇರಾಗೆ 36. ಹನ್ನೆರಡಕ್ಕೇ ಶಾಲೆ ಬಿಟ್ಟು ದುಡಿದವನು, ಟೈರ್ ಅಂಗಡಿಯಲ್ಲಿ. ಅಲ್ಲೇ ಕುಡಿತಕ್ಕೆ ಬಿದ್ದ, ಅದರಿಂದ ಹೊರಗೆ ಬರೋಕೆ ಅಂತ ಕಿಕ್‌ಬಾಕ್ಸಿಂಗ್ ಹಿಡಿದ, ಎರಡು ವರ್ಗದಲ್ಲಿ ವಿಶ್ವ ಚಾಂಪಿಯನ್ ಆದ. ಅಡ್ಡಹೆಸರು ಪೊಅಟಾನ್, ಅಲ್ಲಿನ ಮೂಲನಿವಾಸಿಗಳ ಭಾಷೆಯಲ್ಲಿ ಕಲ್ಲುಕೈ ಅಂತ. ಎಡಗೈ ಹುಕ್ ತಾಗಿದವರನ್ನ ಕೇಳ್ರಿ ಯಾಕೆ ಆ ಹೆಸರು ಅಂತ. ಮುಖದಲ್ಲಿ ಭಾವವೇ ಇಲ್ಲ, ಬಸ್ಸಿಗೆ ಕಾಯೋನಂಗ ನಿಂತಿರ್ತಾನೆ.

ಹಿಲ್‌ಗೆ 32, ಎಡಗೈ ಆಟಗಾರ, ಉದ್ದ ಕೈ. ಪೆರೇರಾನನ್ನ ಸೋಲಿಸೋ ಸುಲಭ ದಾರಿ ಕೆಡವಿ ಮೇಲೆ ಕೂರೋದು, ಅದು ಹಿಲ್ ಆಟ ಅಲ್ಲ. ಅವನೂ ನಿಂತೇ ಹೊಡೆಯೋನು. ಹಂಗಾಗಿ ಇದು ನಿಜವಾದ ಸಮಜೋಡಿ, ಇಬ್ಬರೂ ಒಂದೇ ಭಾಷೆ ಮಾತಾಡ್ತಾರೆ. ನನ್ನ ಅನುಮಾನ ಇರೋದು ಕಾಲಿನ ಮೇಲೆ. ಅಕಿಲಿಸ್ ಹರಿದು ಒಂಬತ್ತು ತಿಂಗಳು, ಕೊನೆಯ ಫೈಟ್ ಆಡಿ ಹದಿನೈದು ತಿಂಗಳು. ಪೆರೇರಾ ಸುಮ್ಮನೆ ಮುಖ ನೋಡಿಕೊಂಡು ಮೀನಖಂಡಕ್ಕೆ ಒದೀತಾನೆ, ಯಾವಾಗ ಒದ್ದ ಅಂತ ಗೊತ್ತಾಗಲ್ಲ. ಹಿಲ್ ಎರಡು ಸಲ ಕಾಲು ಹಿಂದಕ್ಕೆ ಎಳೆದುಕೊಂಡ್ರೆ ಸಾಕು, ಕೈ ಕೆಳಗಿಳೀತದೆ, ಆಮೇಲೆ ಆ ಎಡಗೈ ಬರ್ತದೆ. ಪೆರೇರಾ, ಎರಡನೇ ಸುತ್ತು, ನಾಕೌಟ್. ಹಿಲ್ ಗೆಲ್ಲೋದಾದ್ರೆ ಮೂರನೇ ಸುತ್ತಿನ ಆಚೆ ಎಳೆದುಕೊಂಡು ಹೋಗಿ ಗೆಲ್ಲಬೇಕು. ಪ್ರೊಹಾಸ್ಕಾ, ರಾಕಿಚ್ ಇಬ್ಬರಲ್ಲಿ ಗೆದ್ದವನು ಕೇಜ್ ಪಕ್ಕದಲ್ಲೇ ಕೂತು ನೋಡ್ತಿರ್ತಾನೆ, ಮುಂದಿನ ಸರದಿ ಅವನದೇ ಆಗಬಹುದು.

ಇವತ್ತು ರಾತ್ರಿ ತೂಕದಲ್ಲಿ ಏನಾದ್ರೂ ಏರುಪೇರಾದ್ರೆ ಇನ್‌ಸ್ಟಾದಲ್ಲಿ ಹಾಕ್ತೀನಿ. ಕೇಲಾ ಹ್ಯಾರಿಸನ್ ತಕ್ಕಡಿ ಹತ್ತೋದನ್ನ ಮಾತ್ರ ತಪ್ಪಿಸಬ್ಯಾಡ್ರಿ. ಭಾನುವಾರ ನಸುಕಿನಲ್ಲಿ ಕರೆಂಟ್ ಹೋದ್ರೆ ಅಂತ ಫೋನ್ ಚಾರ್ಜ್ ಇಟ್ಟುಕೊಳ್ರಿ. ಸಂಜೆ ಆರಕ್ಕೆ ಮತ್ತೆ ಬರ್ತೀನಿ.